ತಾಮ್ರದ ಜಡೆ ಮತ್ತು ಸೈಡ್ ಬಿ

ಮೊನ್ನೆ ಮಣಿಪಾಲದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಒಳಗಿನಿಂದ ಬಿಸಿ ರಾಳದ ಹೊಗೆ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಚರ್ಚಿನ ಹೈಮಾಸಿನ ಧೂಪವೇನೋ ಎಂಬ ಹಾಗೆ ಕಣ್ಣು ಮುಚ್ಚಿ ಎಳೆದುಕೊಂಡೆ. ನೆನಪಾದದ್ದು ದೇವರಲ್ಲ, ನನ್ನ ಮೈದುನ ಲಾರೆನ್ಸ್.

ಎಂಬತ್ತರ ದಶಕ. ನಾವು ಕಾಪುವಿನಲ್ಲಿ, ನಮ್ಮ ಯಜಮಾನರು ಬಹರೈನಿನಲ್ಲಿ. ಆಗ ಗಲ್ಫಿನವರಿಗೆ ಕಾಗದ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದೇ ಫ್ಯಾಶನ್. ಅವರಿಂದ ಬಂದದ್ದರಲ್ಲಿ ಸೈಡ್ ಎ ನನ್ನ ಅತ್ತೆಗೆ, ನಾವು ಮಾಂಯ್ ಎನ್ನುತ್ತಿದ್ದವರಿಗೆ: ಕೆಮ್ಮು ಹೇಗುಂಟು, ತೆಂಗಿನಕಾಯಿ ತೆಗೆಸಿದಿರಾ, ಪಾದ್ರಿಗಳಿಗೆ ನಮಸ್ಕಾರ. ಈ ಮಹಾಭಾಷಣ ಕೇಳಲು ನೆರೆಕರೆಯವರೆಲ್ಲ ಬೆಂಚು ಹಾಕಿ ಕೂರುತ್ತಿದ್ದರು. ಸೈಡ್ ಬಿ ನನ್ನದು. ಮಾಂಯ್ ಚರ್ಚಿಗೆ ನೊವೆನಾ ಪ್ರಾರ್ಥನೆಗೆ ಹೋದಾಗ ಬಾಗಿಲು ಹಾಕಿ ಕೇಳುವಂಥದ್ದು. ಆ ಸಲ ನಾನು, "ಒಂದೋ ನನ್ನನ್ನು ಕರೆಸಿಕೊಳ್ಳಿ, ಇಲ್ಲವಾದರೆ ನೀವೇ ಬನ್ನಿ" ಎಂದು ಹೇಳಿ ಕಳಿಸಿದ್ದೆ. ಉತ್ತರದ ಕ್ಯಾಸೆಟ್ ಬಂದ ವಾರವೇ ನಮ್ಮ ರೇಡಿಯೋ-ಟೇಪಿನ ಟೂ-ಇನ್-ಒನ್ ಮೂಕವಾಯಿತು. ಪಕ್ಕದ ಮನೆಯ ಸೆಟ್ಟಿಗೆ ಹಾಕಿದರೆ ನನ್ನ ಸಂಸಾರ ಎರ್ಮಾಳಿನವರೆಗೆ ಬ್ರಾಡ್‌ಕಾಸ್ಟ್!

ಲಾರೆನ್ಸ್ ಹಗಲು ಬ್ಯಾಂಕ್ ಕ್ಲರ್ಕ್, ಸಂಜೆ ಅಂಚೆಯಲ್ಲಿ ಬಂದ ಪಾಠ ಓದಿ ಕಲಿತ ರೇಡಿಯೋ ಇಂಜಿನಿಯರ್. ಸೆಟ್ ಬಿಚ್ಚಿ, "ವೊನಿ, ಸೌಂಡಿನ ಐಸಿ ಚಿಪ್ ಹೋಗಿದೆ. ಅದಕ್ಕೆ ಹದಿನಾಲ್ಕು ಕಾಲುಗಳು. ಹಳೆ ಬೆಸುಗೆ ತೆಗೆಯದೆ ಹೊಸದು ಕೂರುವುದಿಲ್ಲ" ಎಂದ. ಅಣ್ಣನ ಹೆಂಡತಿ ನಮ್ಮಲ್ಲಿ ವೊನಿ.

"ತೆಗಿ ಮಾರಾಯ."

"ಯಾವುದರಲ್ಲಿ ತೆಗೆಯುವುದು, ಅದೇ ಕ್ವೆಶ್ಚನ್."

ಆ ಕ್ವೆಶ್ಚನ್ ಎರಡು ವಾರ ನಡೆಯಿತು. ಕರಗಿದ ಬೆಸುಗೆಯ ಸೀಸವನ್ನು ಟಕ್ಕೆಂದು ಹೀರುವ ಸ್ಪ್ರಿಂಗ್ ಪಂಪೋ, ಬತ್ತಿ ಎಣ್ಣೆ ಕುಡಿದ ಹಾಗೆ ಕುಡಿಯುವ ತಾಮ್ರದ ಜಡೆಯೋ? ಹುಡುಗಿ ನೋಡಲು ಹೋದಲ್ಲಿ ಹತ್ತೇ ನಿಮಿಷದಲ್ಲಿ ಒಪ್ಪಿದ್ದ ಮನುಷ್ಯ, ಪಂಪಿನ ಮುಖ ನೋಡಲು ಮೂರು ಸಲ ಉಡುಪಿಗೆ ಹೋದ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡರ ಗುಣದೋಷ ಬರೆದ. ಕೊನೆಗೆ ಪಂಪ್ ಮನೆ ತುಂಬಿತು. ಒತ್ತಲು ಸ್ವಲ್ಪ ಬಿಗಿ. "ತೆಂಗಿನೆಣ್ಣೆ ಬಿಡು ಪುತಾ" ಎಂದರು ಮಾಂಯ್. ಮಂಡಿನೋವಿನಿಂದ ಬಾಗಿಲಿನ ಕೀಲಿನವರೆಗೆ ನಮ್ಮ ಕರಾವಳಿಯಲ್ಲಿ ಒಂದೇ ಮದ್ದಲ್ವಾ? ಇಂಜಿನಿಯರ್ ಸಾಹೇಬರು ಧಾರಾಳವಾಗಿಯೇ ಬಿಟ್ಟರು. ಮರುದಿನ ನೋಡಿದರೆ ಒಳಗಿನ ರಬ್ಬರ್ ಉಬ್ಬಿ ಪಂಪ್ ಕಚ್ಚಿಕೊಂಡಿತ್ತು.

ನನ್ನ ಪೇಶನ್ಸ್ ಮುಗಿಯಿತು. ಹಾಳಾದ ಮೈಕಿನ ವಯರಿನ ಸಿಪ್ಪೆ ಸುಲಿದು ಒಳಗಿನ ಜಡೆಯಂಥ ತಾಮ್ರದ ಬಲೆ ತೆಗೆದೆ. ಚರ್ಚಿನ ಕ್ವಾಯರಿನವರಲ್ಲಿ ಕೇಳಿ ವಯೊಲಿನ್ ಕಮಾನಿಗೆ ಉಜ್ಜುವ ರಾಳದ ಚೂರು ತಂದು ಅದಕ್ಕೆ ಹಚ್ಚಿದೆ. ಐಸಿಯ ಕಾಲಿನ ಮೇಲಿಟ್ಟು ಕಾದ ಬೆಸುಗೆ ಐರನ್ ಒತ್ತಿದರೆ ಸೀಸ ಸದ್ದಿಲ್ಲದೆ ಜಡೆಗೆ ಏರಿತು. ಹದಿನಾಲ್ಕೂ ಕಾಲು! ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕ್ರೋಶಾ ಹೆಣಿಗೆ ಅಂತೂ ಸಾರ್ಥಕ.

"ಬಿಗಿನರ್ಸ್ ಲಕ್" ಎಂದ ಲಾರೆನ್ಸ್.

"ಪಂಪಿನ ಆತ್ಮಕ್ಕೆ ಶಾಂತಿ ಸಿಗಲಿ" ಎಂದೆ.

ಹೊಸ ಐಸಿ ಕೂರಿಸಿದ ಲಾರೆನ್ಸ್ ಮಾಂಯ್ ಅವರನ್ನು ತಾನೇ ನೊವೆನಾಕ್ಕೆ ಕರೆದುಕೊಂಡು ಹೋದ, ಅದೂ ಒಂದು ಗಂಟೆ ಮೊದಲು. ನಾನು ಬಾಗಿಲು ಮುಚ್ಚಿ ಸೈಡ್ ಬಿ ಹಾಕಿದೆ. "ಇನ್ನೆರಡು ವರ್ಷ ತಡೆದುಕೋ. ಆಮೇಲೆ ಬಂದುಬಿಡುತ್ತೇನೆ." ಅಷ್ಟೇ! ಆದರೆ ಪುಣ್ಯಾತ್ಮ ಸ್ಟಾಪ್ ಒತ್ತಲು ಮರೆತಿದ್ದರು. ಉಳಿದ ಟೇಪಿನಲ್ಲಿ ಏಸಿಯ ಗುಂಯ್ ಸದ್ದು, ಕುರ್ಚಿ ಎಳೆದದ್ದು, ಒಂದೇ ಒಂದು ಬಟ್ಟಲು ತೊಳೆದದ್ದು, ಮತ್ತೆ ಗುಂಯ್. ಬೈಯಲೆಂದೇ ಕೂತವಳು ಟೇಪ್ ಮುಗಿಯುವ ತನಕ ಏಳಲಿಲ್ಲ.

ಮಣಿಪಾಲದಿಂದ ಮನೆಗೆ ಬಂದು ಕಾರ್ಕಳದಲ್ಲಿರುವ ಲಾರೆನ್ಸ್‌ಗೆ ಫೋನ್ ಮಾಡಿದೆ, ಕೆಣಕಲಿಕ್ಕೇ. "ಆ ಎರಡು ವಾರ ಎಂತ ಯೋಚನೆ ಮಾಡಿದ್ದು ಮಾರಾಯ ನೀನು?"

ಅವನು ಟಿವಿಯ ಸದ್ದು ಕಡಿಮೆ ಮಾಡಿದ. "ಅವಸರ ಮಾಡಿ ಬೋರ್ಡಿನ ತಾಮ್ರದ ಗೆರೆ ಕಿತ್ತು ಬಂದಿದ್ದರೆ ಸೆಟ್ಟೇ ಮುಗಿಯುತ್ತಿತ್ತು ವೊನಿ. ಆಮೇಲೆ ಅಣ್ಣ ನಿಮಗೆ ಹೇಳಿದ್ದನ್ನು ನೀವು ಊರವರ ಎದುರು ಕೇಳಬೇಕಿತ್ತಲ್ಲ. ಅದಕ್ಕೇ ಪಂಪೋ ಜಡೆಯೋ ಎಂದು ದಿನ ದೂಡಿದ್ದು."

ನಲವತ್ತು ವರ್ಷ ಆ ಎರಡು ವಾರವನ್ನು ಮದುವೆಮನೆಗಳಲ್ಲಿ ಹೇಳಿ ನಗಿಸಿದವಳು ನಾನು.

"ಬರುವ ವಾರ ಮೊಮ್ಮಗಳ ಮದುವೆ, ಮುನ್ನಾದಿನ ರೋಸ್. ಬರುತ್ತೀರಲ್ವಾ?" ಎಂದ. "ನಿಮ್ಮ ಪಂಪಿನ ಕಥೆ ಆಗದೆ ಯಾರೂ ಊಟಕ್ಕೆ ಕೂರುವುದಿಲ್ಲ."

"ಬರುತ್ತೇನೆ" ಎಂದೆ. "ಈ ಸಲ ಎಲ್ಲರನ್ನೂ ಸೀದಾ ಊಟಕ್ಕೆ ಕೂರಿಸು."