ಯಾರೂ ಕೇಳದ ಕೊನೆಯ ಕಂತು

ಅರವತ್ತರ ದಶಕದ ಮಧ್ಯದಲ್ಲಿ ನಾನು ಉಡುಪಿಯ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಬಂದ ಕಥೆಗಳನ್ನು ಓದಿ ಆರಿಸುವುದು ಮತ್ತು ಗ್ಯಾಲಿ ಪ್ರೂಫ್, ಅಂದರೆ ಜೋಡಿಸಿದ ಅಚ್ಚುಮೊಳೆಗಳಿಂದ ತೆಗೆದ ಉದ್ದನೆಯ ಕರಡು ಹಾಳೆಗಳನ್ನು ತಿದ್ದುವುದು ನನ್ನ ಕೆಲಸ. ಊರು ಕಾರ್ಕಳದ ಆಚೆ. ವಾಸ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ, ಒಬ್ಬನೇ. ಸಂಜೆ ಯಂತ್ರ ನಿಂತಿತೆಂದರೆ ಉಳಿದವರೆಲ್ಲ ಟಾಕೀಸಿಗೆ ಹೋಗುತ್ತಿದ್ದರು. ನಾನು ಪ್ರೂಫ್ ಹಿಡಿದು ಮೇಲೆ ಹತ್ತುತ್ತಿದ್ದೆ.

ಆಗ ಬಂದದ್ದು ಉದ್ಯಾವರದ ಸಿಸಿಲಿಯಾ ಟೀಚರ್ ಬರೆದ ಕಾದಂಬರಿ. ಅವರು ನಿವೃತ್ತ ಶಿಕ್ಷಕಿ. ಮನೆಮಾತು ಕೊಂಕಣಿ, ಬರೆಯುತ್ತಿದ್ದದ್ದು ಕನ್ನಡದಲ್ಲಿ. ದೆಹಲಿಯಲ್ಲಿ ಮನೆಯೊಳಗೇ ಚಿತ್ರ ಕಾಣಿಸುವ ಪೆಟ್ಟಿಗೆ ಬಂದಿದೆ ಎಂದು ಓದಿ, ಮುಂದಿನ ಕಾಲದ ಒಂದು ಕಡಲೂರನ್ನು ಕಲ್ಪಿಸಿದ್ದರು. ಅಲ್ಲಿ ಪ್ರತಿ ಮನೆಯ ಗೋಡೆಯೂ ಪರದೆ. ಇಡೀ ದಿನ ಹಾಡು, ಕುಣಿತ, ತಮಾಷೆ. ನಡುವೆ ಹವಾಮಾನವನ್ನೂ ಪರದೆಯೇ ಹೇಳುವುದರಿಂದ ಜನ ಆಕಾಶ ನೋಡುವುದನ್ನೇ ಬಿಟ್ಟಿದ್ದಾರೆ. ಈಗಲೂ ನೋಡುವವಳು ಅಪ್ಪಿ ಎಂಬ ಮುದುಕಿ ಮಾತ್ರ. ಕೊನೆಗೆ ಒಂದು ದಿನ ಪಡುವಣದಲ್ಲಿ ಕಪ್ಪು ಮೋಡ ಕಟ್ಟಿದರೂ ಪರದೆ ‘ಕಡಲು ಶಾಂತ’ ಎನ್ನುತ್ತದೆ, ದೋಣಿಗಳು ಹೊರಡುತ್ತವೆ. ಅಪ್ಪಿ ದಂಡೆಯಲ್ಲಿ ನಿಂತು ಕೂಗುತ್ತಾಳೆ. ಯಾರೂ ತಲೆ ಎತ್ತುವುದಿಲ್ಲ.

ಕಾದಂಬರಿ ವಾರವಾರ ಪ್ರಕಟವಾಗುತ್ತಾ ಬಂತು. ಕೊನೆಯ ಕಂತಿನ ಪ್ರೂಫ್ ಓದಿದ ಮಾಲಕರು ನನ್ನನ್ನು ಕರೆದರು.

“ಜನ ಇಷ್ಟು ದಡ್ಡರಾ ಶೆಟ್ರೇ? ಒಬ್ಬನಾದರೂ ಮೋಡ ನೋಡಿ ದೋಣಿ ತಿರುಗಿಸಲಿ. ಟೀಚರಿಗೆ ಹೇಳಿ. ಆಗದಿದ್ದರೆ ಆ ಪುಟಕ್ಕೆ ಸಿನಿಮಾ ಸುದ್ದಿ ಹಾಕುವ.”

ಬಸ್ಸು ಹತ್ತಿ ಉದ್ಯಾವರಕ್ಕೆ ಹೋದೆ. ಟೀಚರ್ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ವಿಷಯ ಕೇಳಿ ಆಗದು ಎಂದರು.

“ಒಬ್ಬ ನೋಡಿದ ಅಂತ ಬರೆದರೆ, ಓದುವವರೆಲ್ಲ ಆ ಒಬ್ಬ ನಾನೇ ಅಂದುಕೊಳ್ಳುತ್ತಾರೆ. ಪತ್ರಿಕೆ ಮಡಚಿಟ್ಟು ಆರಾಮವಾಗಿ ಮಲಗುತ್ತಾರೆ. ನನಗೆ ಅದು ಬೇಡ.”

ಹಿಂದಿರುಗಿ ಮಾಲಕರ ಬಳಿ ವಾದಿಸಿದೆ, ಬೇಡಿಕೊಂಡೆ. ಪ್ರಯೋಜನವಾಗಲಿಲ್ಲ. ಆ ವಾರ ಸಿನಿಮಾ ಪುಟ ಬಂತು. ಕಾದಂಬರಿ ನಿಂತಿದೆ ಎಂಬ ಒಂದು ಸಾಲೂ ಇರಲಿಲ್ಲ. ಓದುಗರು ಕೇಳಿಯೇ ಕೇಳುತ್ತಾರೆ, ಆಗ ಮಾಲಕರು ಮಣಿಯುತ್ತಾರೆ ಎಂದು ಅಂಚೆಯವನ ದಾರಿ ಕಾದೆ. ನಟಿಯರ ಫೋಟೋ ಇನ್ನೂ ದೊಡ್ಡದಾಗಿ ಹಾಕಿ ಎಂಬ ಕಾಗದಗಳು ಬಂದವು. ಅಪ್ಪಿ ಏನಾದಳು ಎಂದು ಒಬ್ಬರೂ ಬರೆಯಲಿಲ್ಲ. ಪ್ರತಿ ಕಂತನ್ನೂ ಕೈಯಾರೆ ಜೋಡಿಸಿದ ಕಂಪೋಸಿಟರುಗಳೂ ಕೇಳಲಿಲ್ಲ. ಜನರ ನಡುವೆ ಇದ್ದೂ ನಾನು ಅಷ್ಟು ಒಂಟಿಯಾದದ್ದು ಬೇರೆ ನೆನಪಿಲ್ಲ.

ತಿಂಗಳು ಕಳೆದ ಮೇಲೆ ಮತ್ತೆ ಉದ್ಯಾವರಕ್ಕೆ ಹೋದೆ.

“ಯಾರಾದರೂ ಕೇಳಿದರಾ?” ಎಂದರು ಟೀಚರ್.

“ಇಲ್ಲ ಟೀಚರ್.”

ಅವರು ರಸ್ತೆಯತ್ತ ನೋಡಿದರು. “ನಾನು ಬರೆದದ್ದು ನಿಜವಾಯಿತು ಅಂತ ಸಂತೋಷಪಡಬೇಕಾ, ಎಂತ?”

ಸಮಾಧಾನ ಹೇಳುವ ಬದಲು ನಾನು ಬಹಳ ದಿನಗಳಿಂದ ತಲೆಯಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ: “ಅಪ್ಪಿ ದಂಡೆಯಲ್ಲೇ ಯಾಕೆ ನಿಂತಳು? ದೋಣಿ ಹೊರಡುವ ಮೊದಲೇ ಮನೆಮನೆಗೆ ಹೋಗಿ ಪರದೆ ಆರಿಸಬಹುದಿತ್ತಲ್ಲ?”

“ಒಳಗೆ ಹೋದರೆ ತಾನೂ ಅಲ್ಲೇ ನೋಡುತ್ತಾ ಕೂತುಬಿಟ್ಟೇನು ಅಂತ ಅವಳಿಗೆ ಹೆದರಿಕೆ ಉಂಟು.”

“ಅದನ್ನು ನೀವು ಬರೆದಿಲ್ಲ.”

ಟೀಚರ್ ನನ್ನನ್ನೇ ನೋಡಿದರು. “ಇಲ್ಲ. ಬರೆಯಬೇಕಿತ್ತು,” ಎಂದು ಎದ್ದು ಹಸ್ತಪ್ರತಿ ತಂದರು. ಅಪ್ಪಿ ಹೇಡಿಯೋ ಅಲ್ಲವೋ ಎಂದು ಕೊನೆಯ ಬಸ್ಸಿನವರೆಗೂ ಜಗಳವಾಡಿದೆವು. ಅವರು ಆ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದರು. ಅದು ಎಲ್ಲಿಯೂ ಅಚ್ಚಾಗಲಿಲ್ಲ, ಓದಿದವನು ನಾನೊಬ್ಬನೇ.

ಆಮೇಲೆಯೂ ನಾನು ನಿವೃತ್ತಿಯವರೆಗೆ ಇದೇ ಕೆಲಸದಲ್ಲಿದ್ದೆ. ಮೆಚ್ಚಿ ತಲೆದೂಗುವುದು ಸುಲಭ, ಬೇಡವೆಂದು ತಳ್ಳುವುದೂ ಸುಲಭ. ಒಂದು ಬರಹದ ಎದುರು ಕೂತು ‘ಯಾಕೆ’ ಎಂದು ಕೇಳುವುದು ಬೇರೆಯೇ ಕೆಲಸ. ಓದುವುದು ಎಂದರೆ ಅದೇ ಎಂದು ಉದ್ಯಾವರದ ಆ ಜಗಲಿಯಲ್ಲಿ ತಿಳಿಯಿತು. ಆ ಕೆಲಸಕ್ಕೆ ಜೊತೆ ಸಿಗುವುದು ಅಪರೂಪ. ಸಿಗದಿದ್ದಾಗಲೂ ನಾನು ಬಿಡಲಿಲ್ಲ.