ಗುಡ್ಲ ಪಕ್ಕದ ಪಿಕಳಾರ

ಆಗೆಲ್ಲ ನಮ್ಮೂರು ಅಗರದಲ್ಲಿ ಹೆಣ್ಣುಮಗು ದೊಡ್ಡವಳಾದರೆ ಹಿತ್ತಿಲಲ್ಲಿ ಗುಡ್ಲು ಹಾಕಿ ಕೂರಿಸುತ್ತಿದ್ದರು. ನನ್ನಕ್ಕ ಮಂಗಳ ಏಳನೇ ಕ್ಲಾಸಿನ ಪರೀಕ್ಷೆ ಬರೆದ ವಾರವೇ ದೊಡ್ಡವಳಾದಳು. ಅಮ್ಮನ ತಮ್ಮ ಶಿವಣ್ಣಮಾವ ರಾಮಾಪುರದಿಂದ ಬಂದು ಹಸಿ ತೆಂಗಿನ ಗರಿಯಲ್ಲಿ ಗುಡ್ಲು ಕಟ್ಟಿದ. ಹದಿನಾರು ದಿನ ಅವಳು ಅದರೊಳಗೆ. ಒಂಬತ್ತು ವರ್ಷದ ನಾನು ಹೊರಗೆ, ಮುಟ್ಟದಷ್ಟು ದೂರ. ಅವಳಿಗೆ ಕೊಟ್ಟ ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲದಲ್ಲಿ ಅರ್ಧ ನನ್ನ ಕಡೆ ಎಸೆಯುತ್ತಿದ್ದಳು.

ಗುಡ್ಲ ಪಕ್ಕದ ದಾಸವಾಳದ ಗಿಡದಲ್ಲಿ ಜುಟ್ಟಿನ ಪಿಕಳಾರ ಗೂಡು ಕಟ್ಟಿತ್ತು. ಗುಡ್ಲ ಗರಿಯ ಸಂದಿಯಿಂದ ಅಕ್ಕನಿಗೆ ಮಾತ್ರ ಗೂಡಿನ ಒಳಗೆಲ್ಲ ಕಾಣುತ್ತಿತ್ತು.

"ಗೌರಿ, ಮೂರೂ ಮೊಟ್ಟೆ ಒಡುದ್ವು ಕಣಮ್ಮಿ!"

ಹಕ್ಕಿ ಹುಳ ತಂದಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದಳು. ಸಂಜೆ ಎಣಿಸಿ ನನಗೆ ಹೇಳುವಳು.

ಹದಿನೈದನೇ ದಿನ ಶಾಸ್ತ್ರದ ಚಪ್ಪರಕ್ಕೆ ಜಾಗ ಮಾಡಲು ಮಾವ ಮಚ್ಚು ಹಿಡಿದು ಬಂದ.

"ಮಾವ, ಆ ಗಿಡ ಒಂದ್ವಾರ ಬುಡು. ಮರಿಗೊಳ್ಗೆ ಇನ್ನೂ ರೆಕ್ಕೆ ಬಂದಿಲ್ಲ," ಅಕ್ಕ ಒಳಗಿಂದಲೇ ಬೇಡಿದಳು.

ಮಾವ ನಕ್ಕ. "ನೆಂಟ್ರುನ್ನ ನಿನ್ ಗೂಡಲ್ಲಿ ಕೂರುಸ್ಲಾ?"

ಅವಳು ಹೊರಗೆ ಬರುವ ಹಾಗಿರಲಿಲ್ಲ. "ಗೌರಿ, ನೀನಾದ್ರೂ ಓಗಿ ಅಡ್ಡ ನಿಂತ್ಕಳಮ್ಮಿ!"

ನಾನು ನಿಲ್ಲಲಿಲ್ಲ. ಮಾವ ನನಗೆ ಹೊಸ ಲಂಗ ತಂದಿದ್ದ. ಎರಡೇ ಏಟಿಗೆ ಗಿಡ ಬಿತ್ತು. ಮರಿಗಳನ್ನು ಕಾಗೆ ಎತ್ತಿಕೊಂಡು ಹೋಯಿತು. ಪಿಕಳಾರ ಕೊಕ್ಕಿನಲ್ಲಿ ಹುಳ ಹಿಡಿದೇ ಗಿಡವಿದ್ದ ಜಾಗದಲ್ಲಿ ಸುತ್ತುತ್ತಿತ್ತು. ಅಕ್ಕ ನೋಟ್‌ಬುಕ್ ಮುಚ್ಚಿದಳು.

ಮಾರನೇ ದಿನ ಶಾಸ್ತ್ರದಲ್ಲಿ ಆರತಿ ಎತ್ತುವಾಗ ಅವಳು ತಲೆ ಎತ್ತಲಿಲ್ಲ. ಎಷ್ಟು ನಾಚಿಕೆ ಎಂದು ಹೆಂಗಸರು ಮೆಚ್ಚಿದರು. ರಜೆ ಮುಗಿದ ಮೇಲೆ ಸ್ಕೂಲಿಗೆ ನಾನೊಬ್ಬಳೇ ಹೋದೆ. ನಾಲ್ಕು ವರ್ಷಕ್ಕೆ ಅವಳನ್ನು ಶಿವಣ್ಣಮಾವನಿಗೇ ಕೊಟ್ಟು ಮದುವೆ ಮಾಡಿದರು.

ಮಾರನೇ ಬೇಸಿಗೆಯಲ್ಲಿ ನಾನು ದೊಡ್ಡವಳಾದದ್ದು ರಾಮಾಪುರದ ಅವಳ ಮನೆಯಲ್ಲೇ. ಅಕ್ಕ ಬಾಗಿಲು ಹಾಕಿಕೊಂಡು ಬಟ್ಟೆ ಕೊಟ್ಟಳು.

"ಊರಲ್ಲಿ ಯಾರ್ಗೂ ಉಸುರ್ಬ್ಯಾಡ. ಕೇಳುದ್ರೆ ಇನ್ನೂ ಆಗಿಲ್ಲ ಅನ್ನು. ಇಸ್ಕೂಲ್ ಮಾತ್ರ ಬುಡ್ಬ್ಯಾಡ."

ಹತ್ತನೇ ಕ್ಲಾಸು ಮುಗಿಯುವವರೆಗೂ ಮುಚ್ಚಿಟ್ಟೆ. ಈಗ ಕೊಳ್ಳೇಗಾಲದಲ್ಲಿ ಟೀಚರ್ ಆಗಿದ್ದೇನೆ. ಮೊನ್ನೆ ಮಕ್ಕಳಿಗೆ ಹಕ್ಕಿಗಳ ಪಾಠ ಮಾಡಿದೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ನನ್ನ ಓದಕ್ಕೆ ಬುಟ್ಟಿದ್ರೆ ನಿನ್ಗಿಂತ ಚೆಂದಾಗಿ ಮಾಡ್ತಿದ್ದೆ ಕಣಮ್ಮಿ," ಅಂದಳು.

ಹೂಂ ಅಂದೆ. ಅದು ನಿಜ. ಅವಳ ಹತ್ತಿರ ಕಲಿಯಬೇಕಿದ್ದ ಮಕ್ಕಳು ವರ್ಷವರ್ಷವೂ ನನ್ನ ಹತ್ತಿರ ಕಲಿತು ಹೋಗುತ್ತಿದ್ದಾರೆ.