ಮಗನ ಕೈಗೊಂದು ಟಾರ್ಕ್ ರೆಂಚು

ನಂಜುಂಡೇಶ್ವರನಿಗೆ ಕೈ ಮುಗಿದು ಬರುವಷ್ಟರಲ್ಲಿ ಅಂಗಾಲು ಸುಟ್ಟು, ಮಂಡಿ ಹಿಡಿದುಕೊಂಡು, ಸಾಕಪ್ಪಾ ಅನ್ನಿಸಿತ್ತು. ಆಮೇಲೆ ಮಗ ಸ್ಪ್ಯಾನರ್ ಅಂಗಡಿಗೆ ಕರೆದುಕೊಂಡು ಹೋದ. ಟಿ. ನರಸೀಪುರದಿಂದ ನಂಜನಗೂಡಿಗೆ ಬಸ್ಸು ಹತ್ತಿದ್ದೇ ಅದಕ್ಕೆ. ದೇವಸ್ಥಾನ ನಾನು ಸೇರಿಸಿದ್ದು.

ಮಗ ಎಲೆಕ್ಟ್ರಿಷಿಯನ್. ನಮ್ಮೂರಿನ ಅಕ್ಕಿ ಗಿರಣಿಯ ಕರೆಂಟ್ ಬೋರ್ಡು ಅವನ ಉಸ್ತುವಾರಿ. ಬೋಲ್ಟು ಬಿಗಿಯಾದ ಮೇಲೂ ಇನ್ನೊಂದು ಸಲ ಜಗ್ಗದಿದ್ದರೆ ಅವನಿಗೆ ಸಮಾಧಾನವಿಲ್ಲ. ಅದು ಕೊಸರಂತೆ. ಸಂತೆಯಲ್ಲಿ ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಬಾರದ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಇನ್ನೇನು ಮಾಡಿಯಾನು?

ಹೋದ ತಿಂಗಳು ಒಂದು ಬೋಲ್ಟಿನ ಥ್ರೆಡ್ಡು ಕಿತ್ತುಹೋಗಿ, ಕೇಬಲ್ಲು ಕೂತ ಜಾಗ ಸಡಿಲವಾಗಿ, ಕಾದು ಕರಕಲಾಯಿತು. ಗಿರಣಿ ನಿಂತಿತು. ಮಾಲೀಕರು ಬೈಯಲಿಲ್ಲ. "ಅಳತೆ ನೋಡಿ ಬಿಗಿ ಮಾಡೋ ಸ್ಪ್ಯಾನರ್, ಅದೇ ಟಾರ್ಕ್ ರೆಂಚು, ತಕೊಂಡು ಎಲ್ಲಾನೂ ಇನ್ನೊಂದ್ಸಲ ಮಾಡು. ಮತ್ತೆ ಬಿಸಿಯಾದ್ರೆ ಮೈಸೂರಿನೋರಿಗೆ ವಹಿಸಿಬುಡ್ತೀನಿ" ಅಂದರಂತೆ. ಗಿರಣಿ ಕೈಬಿಟ್ಟರೆ ಪಂಪ್‌ಸೆಟ್ ರಿಪೇರಿಗೆ ಗದ್ದೆ ಗದ್ದೆ ಅಲೆಯಬೇಕು. ಆ ವಯಸ್ಸು ಅವನಿಗೆ ಮುಗಿದಿದೆ.

ಅಂಗಡಿಯವನು ನನಗೊಂದು ಸ್ಟೂಲು ಕೊಟ್ಟ. ಫ್ಯಾನಿನ ಗಾಳಿ ಮಾತ್ರ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಮಗ ನನ್ನ ತೋಳುದ್ದದ ಸ್ಪ್ಯಾನರ್ ಎತ್ತಿಕೊಂಡು, "ಇದಾದ್ರೆ ಟ್ರ್ಯಾಕ್ಟರ್ ಚಕ್ರಕ್ಕೂ ಆಯ್ತದೆ, ಬೋರ್ಡಿಗೂ ಆಯ್ತದೆ" ಅಂದ.

"ಬೋರ್ಡಿಗೆ ಆಗಲ್ಲ ಅಣ್ಣ. ಬ್ರೇಕರ್ ಮ್ಯಾಲೆ ಬಿಗಿಯ ನಂಬರ್ ಬರ್ದಿರ್ತಾರಲ್ಲ, ಅದು ಸ್ಪ್ಯಾನರ್ ಅಳತೆಯ ನಡೂಕೆ ಬರ್ಬೇಕು. ಒಂದ್ ತುದೀಗೆ ಬಂದ್ರೆ ನೆಚ್ಕೊಳಕಾಗಲ್ಲ."

"ಮೂಟೆ ತೂಗೋ ತಕ್ಕಡೀಲಿ ಸಾಸಿವೆ ತೂಗ್ದಂಗೆ, ಅಲ್ವೇನಪ್ಪಾ" ಅಂದೆ.

"ಅದೇ ಕಣಜ್ಜಿ."

ಆಮೇಲೆ ಅಂಗಡಿಯವನು ಚಿಕ್ಕದೊಂದು ತೆಗೆದ. ಹಿಡಿ ತಿರುಗಿಸಿ ನಂಬರ್ ಕೂರಿಸಬೇಕು; ಅಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುತ್ತದೆ, ನಿಲ್ಲಿಸಬೇಕು. ಬೋಲ್ಟೊಂದನ್ನು ಕಬ್ಬಿಣದ ವೈಸಿಗೆ ಕಚ್ಚಿಸಿ ಮಗನ ಕೈಗೆ ಕೊಟ್ಟ. ಟಕ್ ಅಂದಿತು. ಮಗ ಇನ್ನೊಂದು ಸಲ ಜಗ್ಗಿದ.

"ಟಕ್ ಅಂದ್ಮ್ಯಾಲೆ ಮುಗೀತು ಅಣ್ಣ."

"ಬುಡಪ್ಪ, ಕೊಸರಿಲ್ದೆ ಅವನಿಗೆ ಉಂಡನ್ನ ಅರಗಲ್ಲ" ಅಂದೆ. ಇಬ್ಬರೂ ನಕ್ಕರು.

ಎರಡನೆಯ ಸಲ ಬಿಗಿಯುವಾಗ ಪಕ್ಕದಂಗಡಿಯಲ್ಲಿ ಕಬ್ಬಿಣ ಕೊಯ್ಯುತ್ತಿದ್ದರು. ಆ ಗದ್ದಲದಲ್ಲಿ ಟಕ್ ಯಾರಿಗೂ ಕೇಳಲಿಲ್ಲ. ಆದರೆ ಸ್ಪ್ಯಾನರಿನ ಕತ್ತು ಒಮ್ಮೆ ಅದುರಿದ್ದು ಸ್ಟೂಲಿನ ಮೇಲಿದ್ದ ನನಗೇ ಕಂಡಿತು. ಹಿಡಿದವನಿಗೆ ತಿಳಿಯಲಿಲ್ಲ. ಎಮ್ಮೆ ಹಗ್ಗ ಎಳೆಯುವಂತೆ ಎಳೆಯುತ್ತಲೇ ಇದ್ದ. ಇದು ಕೊಸರಲ್ಲ.

"ಕೈಗೆ ಗೊತ್ತಾಗ್ನಿಲ್ವೇನ್ಲಾ?"

"ಗದ್ಲ ಕಣವ್ವ."

"ನಾನು ಕಿವಿ ವಿಚಾರ ಕೇಳ್ನಿಲ್ಲ."

ಅವನು ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. "ಬೆರಳು ಜೋಮು ಇಡ್ದವೆ. ಸುಮಾರ್ ದಿನ ಆಯ್ತು. ಎಷ್ಟು ಬಿಗಿ ಆಯ್ತು ಅಂತ ತಿಳಿಯಕಿಲ್ಲ. ಅದ್ಕೇ ಒಂದೊಂದ್ ಸಲ ಜಾಸ್ತಿ ಜಗ್ಬುಡ್ತೀನಿ."

ನನ್ನ ಬೆರಳು ಈಗ ಫೋನು ಒತ್ತಲು ಕಲಿಯುತ್ತಿವೆ, ಅವನವು ಕಲಿತದ್ದನ್ನು ಮರೆಯುತ್ತಿವೆ. ಬೈಯೋಣವೆಂದುಕೊಂಡೆ, ಬೈಯುವುದಕ್ಕೂ ತ್ರಾಣವಿರಲಿಲ್ಲ.

"ಕಣ್ಣಿಗೆ ಕಾಣೋ ಅಂಥದ್ದು ಇದ್ರೆ ಕೊಡಪ್ಪ" ಅಂದೆ.

ಇತ್ತು. ಬ್ಯಾಟರಿಯದು. ಅಳತೆ ಹತ್ತಿರವಾದಾಗ ಹಸಿರು ದೀಪ, ಮುಟ್ಟಿದಾಗ ಕೆಂಪು. ಪೀಪಿಯ ಸದ್ದೂ ಬರುತ್ತದೆ. "ಮಿಲ್ನಲ್ಲಿ ಸದ್ದು ನಂಬ್ಬ್ಯಾಡಿ, ಲೈಟ್ ನೋಡಿ. ಹಿಡೀಗೆ ರಬ್ಬರ್ ಅದೆ ಅಂತ ಮೇನ್ ಆಫ್ ಮಾಡ್ದೆ ಕೈ ಇಕ್ಬ್ಯಾಡಿ" ಅಂದ ಅಂಗಡಿಯವನು.

ಮಗ ಮುಖ ಸಿಂಡರಿಸಿದ. "ಮಕ್ಳು ಆಟದ್ ಸಾಮಾನು ಇದ್ದಂಗದೆ. ಮಿಲ್ನೋರು ನಗ್ತಾರೆ."

"ನಗ್ಲಿ ಬುಡು. ಮಿಲ್ ನಿಂತ್ರೆ ಯಾರೂ ನಗಲ್ಲ."

ಗಿರಣಿಗೆ ರಜೆಯಿದ್ದ ದಿನ ಬುತ್ತಿ ಕೊಡುವ ನೆಪದಲ್ಲಿ ಅಲ್ಲಿಗೆ ಹೋಗಿ ಭತ್ತದ ಮೂಟೆಯ ಮೇಲೆ ಕೂತು ನೋಡಿದೆ. ಮೇನ್ ಆಫ್ ಆಗಿತ್ತು. ಮಗ ಹೊಸ ಸ್ಪ್ಯಾನರಿನ ದೀಪದ ಮೇಲೆ ಕಣ್ಣು ನೆಟ್ಟು ಎಳೆಯುವುದು, ಕೆಂಪಾದ ಕೂಡಲೇ ಕೈ ತೆಗೆಯುವುದು. ಮುಗಿದ ಬೋಲ್ಟಿನ ಮೇಲೆ ಬಣ್ಣದಲ್ಲೊಂದು ಗೀಟು. ಗೀಟುಗಳು ನನ್ನ ಕೈಬರಹಕ್ಕಿಂತ ಕಡೆಯಾಗಿದ್ದವು, ಬೋಲ್ಟಿಗೆ ಅದರ ಚಿಂತೆಯಿಲ್ಲ.

ಗಿರಣಿ ಓಡತೊಡಗಿ ಒಂದು ವಾರವಾದ ಮೇಲೆ ಮಾಲೀಕರು ಶಾಖ ಅಳೆಯುವ ಮೀಟರು ಹಿಡಿದು ನೋಡಿದರಂತೆ. ಆ ಸಂಜೆ ಮಗ ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತ.

"ಎಲ್ಲೂ ಬಿಸಿಯಾಗಿಲ್ಲ ಕಣವ್ವ. ಕೆಲ್ಸ ನಂಗೇ ಉಳೀತು."

"ಸರಿ, ಇನ್ನು ಆ ಕೈನ ಡಾಕ್ಟರ್‌ಗೆ ತೋರ್ಸು."

"ನೋಡಾನ."

ನಾಳೆ ಬೆಳಿಗ್ಗೆ ನಾನೇ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಂತರೆ ಬಾರದೆ ಎಲ್ಲಿ ಹೋಗುತ್ತಾನೆ ಅಂದುಕೊಂಡೆ. ಎದ್ದು ಒಳಗೆ ಹೋಗಿ ಸೀರೆ ತೆಗೆದಿಡಬೇಕಿತ್ತು. ಮಂಡಿ ಏಳಗೊಡಲಿಲ್ಲ. ಅವನೂ ಏಳಲಿಲ್ಲ.